ಎರಡು ಓಣಿ ಆಚೆಯ ಕಲ್ಲುಕುಟಿಗ

ನನಗೊಂದು ಚಾಳಿಯಿದೆ. ಯಾರಾದರೂ ಏನನ್ನಾದರೂ ತೋರಿಸಿ "ಇದು ಸಿಗಲಿಕ್ಕಿಲ್ಲ" ಎಂದರೆ ಸಾಕು, "ನನಗೆ ಬಿಡಿ" ಎಂದುಬಿಡುತ್ತೇನೆ. ಈ ಚಾಳಿ ಹತ್ತಿದ್ದು ಕೆಲಸದಿಂದ. ಕುವೈತಿನ ಶುವೈಖ್‌ನಲ್ಲಿರುವ ನಮ್ಮ ಕಂಪನಿ ಹಳೆಯ ಪಂಪುಗಳ ಬಿಡಿಭಾಗ ಮಾರುತ್ತದೆ. ಮೂವತ್ತು ವರ್ಷ ಹಳೆಯ ಪಂಪಿಗೆ ಒಂದು ಸೀಲ್ ಬೇಕೆಂದು ಗಿರಾಕಿ ಬರುವ ಹೊತ್ತಿಗೆ, ತಯಾರಿಸಿದವರು ಆ ಸೀಲಿನ ನಂಬರನ್ನು ನಾಲ್ಕು ಸಲ ಬದಲಿಸಿರುತ್ತಾರೆ. ಹಳೆಯ ಕ್ಯಾಟಲಾಗುಗಳನ್ನು ತಿರುವಿ, ಈ ನಂಬರ್ ಆ ನಂಬರಾಯಿತು, ಅದು ಮತ್ತೊಂದಾಯಿತು ಎಂದು ಎಳೆ ಹಿಡಿದು ಹೋಗಿ ಇವತ್ತಿನ ನಂಬರ್ ಹುಡುಕಿ ಕೊಡುವುದು ನನ್ನ ಕೆಲಸ. ಹದಿನೇಳು ವರ್ಷದಿಂದ ಇದನ್ನೇ ಮಾಡುತ್ತ ಬಂದಿರುವುದರಿಂದ, ಲೋಕದಲ್ಲಿ ಕಳೆದುಹೋದದ್ದನ್ನೆಲ್ಲ ಹುಡುಕಿ ಕೊಡುವ ಶಕ್ತಿ ನನಗೊಬ್ಬನಿಗೇ ಇದೆ ಎಂಬ ಭ್ರಮೆ ತಲೆಗೇರಿತ್ತು.

ನಮ್ಮಲ್ಲಿ ಸ್ಕಾಟ್ಲೆಂಡಿನ ಒಬ್ಬ ಹಿರಿಯ ಇಂಜಿನಿಯರ್ ಇದ್ದರು. ಅರವತ್ತು ದಾಟಿದವರು. ಆ ವರ್ಷದ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ತಮ್ಮ ತಾಯಿಯ ಮಾತು ತೆಗೆದರು. ತಾಯಿಗೆ ತೊಂಬತ್ತು ದಾಟಿದೆ, ವೃದ್ಧಾಶ್ರಮದಲ್ಲಿದ್ದಾರೆ, ಕಣ್ಣು ಮಂದವಾಗಿದೆ, ಬುದ್ಧಿ ಮಾತ್ರ ಚುರುಕು. ತನ್ನ ಅಜ್ಜ ಹುಟ್ಟಿ ಬೆಳೆದ ಮನೆ ಯಾವುದು, ಅಲ್ಲಿ ಯಾರ್‍ಯಾರಿದ್ದರು ಎಂದು ತಿಳಿಯುವ ಆಸೆ ಅವರಿಗೆ ಈಗ ಹುಟ್ಟಿದೆ. ಇಂಜಿನಿಯರಿಗೆ ಗೊತ್ತಿದ್ದದ್ದು ಮೂರೇ ಸಂಗತಿ: ಅಜ್ಜನ ಹೆಸರು, ಊರಿನ ಹೆಸರು, ಅಜ್ಜನ ಅಪ್ಪ ಕಲ್ಲುಕುಟಿಗನಾಗಿದ್ದ ಎಂಬುದು. ಅವರ ದೇಶದಲ್ಲಿ ಹತ್ತೊಂಬತ್ತನೇ ಶತಮಾನದ ಜನಗಣತಿಯ ಹಾಳೆಗಳನ್ನು ಮನೆಮನೆಯ ಹೆಸರಿನ ಸಮೇತ ಕಾಪಿಟ್ಟಿದ್ದಾರೆ, ಈಗ ಅವೆಲ್ಲ ಕಂಪ್ಯೂಟರಿನಲ್ಲೇ ನೋಡಲು ಸಿಗುತ್ತವೆ, ಆದರೆ ತನಗೆ ಆ ಕೆಲಸ ಒಗ್ಗುವುದಿಲ್ಲ, ಸಿಗುವ ನಂಬಿಕೆಯೂ ಇಲ್ಲ ಎಂದರು.

ನಾನು ಚಪಾತಿ ಮುರಿಯುತ್ತಿದ್ದವನು ಅಲ್ಲಿಗೇ ನಿಲ್ಲಿಸಿ, ನನಗೆ ಬಿಡಿ ಎಂದೆ.

ಜೂನ್ ತಿಂಗಳು. ಮಗಳ ಶಾಲೆಗೆ ರಜೆ ಬಿದ್ದು ಹೆಂಡತಿ, ಮಗಳು ಗದಗಿಗೆ ಹೋಗಿದ್ದರು. ಫಿಂಟಾಸ್‌ನ ಮನೆಯಲ್ಲಿ ನಾನೊಬ್ಬನೇ. ಹೊರಗೆ ಕಾಲಿಟ್ಟರೆ ಸುಡುವ ದಿನಗಳು. ಶುಕ್ರವಾರ, ಶನಿವಾರ ಎರಡೂ ದಿನ ಎಸಿ ಹಾಕಿಕೊಂಡು, ಬಾಗಿಲು ಮುಚ್ಚಿ, ಸ್ಕಾಟ್ಲೆಂಡಿನ ಜನಗಣತಿಯಲ್ಲಿ ಮುಳುಗಿದೆ.

ಮೊದಲ ಹಾಳೆ ತೆರೆದಾಗಲೇ ನನ್ನ ಪಾಂಡಿತ್ಯ ಬಯಲಾಯಿತು. ಗಣತಿ ಮಾಡಿದವನ ಕೈಬರಹ ಮಳೆಯಲ್ಲಿ ನೆನೆದ ಇರುವೆ ಸಾಲಿನಂತಿತ್ತು. ಕಲ್ಲುಕುಟಿಗನ ಮನೆ ಸಿಕ್ಕಿತು. ಅವನು, ಅವನ ಹೆಂಡತಿ, ಆರು ಮಕ್ಕಳು, ಬಾಡಿಗೆಗಿದ್ದ ಒಬ್ಬ ಮುದುಕ. ಮನೆ ಯಜಮಾನನ ಅಡ್ಡಹೆಸರು ಸ್ಪಷ್ಟವಾಗಿತ್ತು. ಆದರೆ ಹೆಂಡತಿ, ಮಕ್ಕಳೆಲ್ಲರ ಅಡ್ಡಹೆಸರು "ಡು" ಎಂದಿತ್ತು. ಇದೇನು ವಿಚಿತ್ರ, ಅಪ್ಪನದೊಂದು ಅಡ್ಡಹೆಸರು, ಮಕ್ಕಳದು ಇನ್ನೊಂದು, ಇವನು ಮಕ್ಕಳಿದ್ದ ವಿಧವೆಯನ್ನು ಮದುವೆಯಾಗಿರಬೇಕು ಎಂದು ತೀರ್ಮಾನಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟೆ. ಎರಡು ದಿನ ಆ ಹೆಣ್ಣುಮಗಳ ಮೊದಲ ಗಂಡನಿಗಾಗಿ ಮರುಗಿದೆ. ಮೂರನೆಯ ದಿನ ನೋಡಿದರೆ ಇಡೀ ಊರಲ್ಲೇ ಡು ಮನೆತನದವರು ತುಂಬಿದ್ದರು. ಅದು ಡಿಟ್ಟೋ, ಅಂದರೆ "ಮೇಲಿನದ್ದೇ" ಎಂಬುದರ ಸಂಕ್ಷಿಪ್ತ ರೂಪ ಎಂದು ಆಗ ಹೊಳೆಯಿತು.

ಎರಡನೆಯ ಪೆಟ್ಟು ಉದ್ಯೋಗದ ಕಾಲಮ್ಮಿನಲ್ಲಿ. ಮಕ್ಕಳ ಹೆಸರಿನ ಮುಂದೆ "ಸ್ಕಾಲರ್" ಎಂದಿತ್ತು. ಕಲ್ಲು ಕೆತ್ತುವವನ ಮನೆಯಲ್ಲಿ ಇಷ್ಟೊಂದು ವಿದ್ವಾಂಸರೇ ಎಂದು ರೋಮಾಂಚನಗೊಂಡು, ಮರುದಿನ ಆಫೀಸಿಗೆ ಹೋದವನೇ ಹಿರಿಯ ಇಂಜಿನಿಯರಿಗೆ, ನಿಮ್ಮದು ಪಂಡಿತರ ಮನೆತನ, ಆರು ವರ್ಷದ ಹುಡುಗಿಯೂ ವಿದುಷಿ ಎಂದು ವರದಿ ಒಪ್ಪಿಸಿದೆ. ಅವರು, ಶಾಲೆಗೆ ಹೋಗುವ ಮಕ್ಕಳನ್ನು ಹಾಗೆ ಬರೆಯುತ್ತಿದ್ದರು ಎಂದು ಮೆಲ್ಲಗೆ ಹೇಳಿದರು. ಆಮೇಲೆ ಒಂದು ವಾರ ಸ್ಟೋರಿನ ಹುಡುಗರೆಲ್ಲ ನನ್ನನ್ನು ಸ್ಕಾಲರ್ ಭಾಯಿ ಎಂದು ಕರೆದರು.

ಇಷ್ಟಾದರೂ ನಾನು ಬಿಡಲಿಲ್ಲ. ನಿಜ ಹೇಳಬೇಕೆಂದರೆ ಬಿಡಲಾಗಲಿಲ್ಲ. ಆ ಆರು ವರ್ಷದ ಹುಡುಗಿ ನನ್ನನ್ನು ಹಿಡಿದುಕೊಂಡಿದ್ದಳು. ಗಣತಿ ನಡೆಯುತ್ತಿದ್ದುದು ಹತ್ತು ವರ್ಷಕ್ಕೊಮ್ಮೆ. ಮುಂದಿನ ಗಣತಿಯ ಹಾಳೆ ತೆರೆದಾಗ ಅದೇ ಮನೆ, ಅದೇ ಅಪ್ಪ, ಅದೇ ಅವ್ವ, ಐದು ಮಕ್ಕಳು. ನಮ್ಮ ಹಿರಿಯ ಇಂಜಿನಿಯರ್ ತಾಯಿಯ ಅಜ್ಜನೆಂದು ನಾನು ನಂಬಿದ್ದ ಹುಡುಗ ಅಲ್ಲೇ ಇದ್ದ. ಹುಡುಗಿ ಮಾತ್ರ ಇಲ್ಲ. ಹುಡುಕಬೇಕಾದದ್ದು ಹುಡುಗನನ್ನು, ನಾನು ಹೊರಟದ್ದು ಹುಡುಗಿಯನ್ನು ಹುಡುಕಲು. ಸತ್ತಳೇ? ಮದುವೆಯಾಯಿತೇ? ಹದಿನಾರಕ್ಕೇ? ಪಂಪಿನ ನಂಬರ್ ಹುಡುಕುವಾಗಲೂ ಅವಳದೇ ಯೋಚನೆ. ಫಹಾಹೀಲ್ ರಸ್ತೆಯಲ್ಲಿ ಸಿಗ್ನಲ್ ಬಿದ್ದು ಹಸಿರಾದರೂ ನಿಂತೇ ಇದ್ದು ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡೆ.

ಮೂರು ವಾರದ ಮೇಲೆ ಅವಳು ಸಿಕ್ಕಳು. ಊರಿನಿಂದ ಆಚೆ, ಒಬ್ಬ ರೈತನ ಮನೆಯಲ್ಲಿ ಕೆಲಸಕ್ಕಿದ್ದಳು. ಹೆಸರು, ವಯಸ್ಸು, ಹುಟ್ಟಿದ ಊರು, ಎಲ್ಲ ಸರಿಯಾಗಿ ಕೂಡಿದವು. ಸಂತೋಷ ತಡೆಯಲಾರದೆ ಗದಗಿಗೆ ಫೋನ್ ಮಾಡಿದೆ.

"ಹುಡುಗಿ ಸಿಕ್ಕಳು" ಎಂದೆ.

"ಯಾವ ಹುಡುಗಿ?" ಎಂದಳು ಹೆಂಡತಿ.

"ಹದಿನಾರು ವರ್ಷದಾಕಿ. ಒಬ್ಬರ ಮನ್ಯಾಗ ಕೆಲಸಕ್ಕದಾಳ. ಮೂರು ವಾರದಿಂದ ಹುಡುಕಾಕತ್ತಿದ್ದೆ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ನಾ ಇಲ್ಲಿಗೆ ಬಂದು ಇನ್ನಾ ತಿಂಗಳ ತುಂಬಿಲ್ಲರಿ" ಎಂದಳು ಆಮೇಲೆ, ಬಹಳ ಸಮಾಧಾನದಿಂದ.

ಅವಳು ಸತ್ತು ನೂರು ವರ್ಷದ ಮೇಲಾಯಿತು ಎಂದು ನಾನು ವಿವರಿಸಿದ್ದು ಸಂಗತಿಯನ್ನು ಇನ್ನಷ್ಟು ಕೆಡಿಸಿತೇ ಹೊರತು ಸುಧಾರಿಸಲಿಲ್ಲ. ಆ ಸಲ ಹೆಂಡತಿ ಹೇಳಿದ್ದಕ್ಕಿಂತ ಎಂಟು ದಿನ ಮೊದಲೇ ಕುವೈತಿಗೆ ಬಂದಳು. ಮಗಳ ಶಾಲೆಯ ಪುಸ್ತಕ ಕೊಳ್ಳಬೇಕಿತ್ತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಳು. ನಾನೂ ನಂಬಿದೆ.

ಸೆಪ್ಟೆಂಬರ್ ಹೊತ್ತಿಗೆ ನಾನು ಆ ಕುಟುಂಬದ ಚರಿತ್ರೆಯನ್ನೇ ಬರೆದು ಮುಗಿಸಿದ್ದೆ. ಹನ್ನೆರಡು ಪುಟ. ವಂಶವೃಕ್ಷಕ್ಕೆ ಬಣ್ಣ ಹಾಕಿ, ಹಳೆಯ ಊರಿನ ನಕ್ಷೆ ಸೇರಿಸಿ, ಫಹಾಹೀಲ್‌ನ ಒಂದು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಸುರುಳಿ ಬೈಂಡಿಂಗ್ ಮಾಡಿಸಿದೆ. ಕೊನೆಯ ಪುಟದಲ್ಲಿ "ಸಂಶೋಧನೆ" ಎಂದು ಬರೆದು ಕೆಳಗೆ ನನ್ನ ಹೆಸರನ್ನು, ಪದವಿ ಸಮೇತ, ಹಾಕಿಕೊಂಡೆ. ಹಿರಿಯ ಇಂಜಿನಿಯರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಊರಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಕಳಿಸಿದರು. ವೃದ್ಧಾಶ್ರಮದ ನರ್ಸು ತಾಯಿಗೆ ದಿನಕ್ಕೊಂದು ಪುಟದಂತೆ ಓದಿ ಹೇಳುತ್ತಿದ್ದಾಳೆ, ಪುಸ್ತಕ ದಿಂಬಿನ ಪಕ್ಕದಲ್ಲೇ ಇರುತ್ತದೆ ಎಂದು ನನಗೆ ಸುದ್ದಿ ಬಂತು. ಆ ವಾರ ನಾನು ಆಫೀಸಿನಲ್ಲಿ ನಡೆದಾಡಿದ ರೀತಿಯನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಊರಲ್ಲಿ ಅವ್ವ ಇರುವ ತನಕ ಅದು ಅವಳ ಕೆಲಸ. ಅವಳು ತೀರಿಕೊಂಡ ಮೇಲೆ ಹೆಂಡತಿ ಅದನ್ನು ಫಿಂಟಾಸ್‌ನ ಮೂರನೇ ಮಹಡಿಗೆ ತಂದಿದ್ದಾಳೆ. ಹೋಳಿಗೆ, ಎಣ್ಣೆಗಾಯಿ, ಚವಳಿಕಾಯಿ ಪಲ್ಯ ಎಲ್ಲ ಮಾಡಿ, ಬಾಳೆಲೆ ಹಾಸಿ, ಒಂದೊಂದು ಎಲೆಗೆ ಒಬ್ಬೊಬ್ಬರ ಹೆಸರು ಹೇಳಿ ಬಡಿಸುವುದು ಅವಳ ತವರಿನ ಪದ್ಧತಿ. ಅಪ್ಪ, ಅವ್ವ, ಅಜ್ಜ, ಅಜ್ಜಿ, ಇಷ್ಟು ನಾನು ಹೇಳಿದೆ. ಐದನೆಯ ಎಲೆ ಇತ್ತು.

"ನಿಮ್ಮ ಅಜ್ಜನ ಅವ್ವನ ಹೆಸರೇನ್ರಿ?" ಎಂದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, ಹನ್ನೆರಡು ಪುಟದ ಸಂಶೋಧಕನಾದ ನಾನು, ಬಾಯಿಗೆ ಬಂದ ಒಂದು ಹೆಸರು ಹೇಳಿದೆ. ಹೆಂಡತಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಅದು ನಿಮ್ಮ ಓಣ್ಯಾಗ ಮೊಸರು ಮಾರತಿದ್ದ ಮುದುಕಿ ಹೆಸರಲ್ಲೇನ್ರಿ?"

ಮಗಳಿಗೆ ಹನ್ನೆರಡು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ಅಪ್ಪಾ, ಯು ನೋ ಆಲ್ ದೋಸ್ ಸಿಕ್ಸ್ ಕಿಡ್ಸ್" ಎಂದಳು. ಚುಚ್ಚಬೇಕೆಂದು ಅಂದದ್ದಲ್ಲ, ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಆರೂ ಮಕ್ಕಳ ಹೆಸರು, ಹುಟ್ಟಿದ ವರ್ಷ, ಬಾಡಿಗೆಗಿದ್ದ ಮುದುಕನ ಕಸುಬು, ಎಲ್ಲವನ್ನೂ ನಾನು ಊಟಕ್ಕೆ ಕುಳಿತಾಗ ಎಷ್ಟು ಸಲ ಹೇಳಿದ್ದೆನೆಂದರೆ ಅವಳಿಗೂ ಬಾಯಿಪಾಠವಾಗಿತ್ತು. ಐದನೆಯ ಎಲೆಗೆ ಹೆಂಡತಿ "ಹಿರಿಯಾಕಿಗೆ" ಎಂದಷ್ಟೇ ಹೇಳಿ ಬಡಿಸಿದಳು. 

ಅದಾದ ಮೇಲೆ ನನ್ನ ಸಂಶೋಧನೆಯೂ ಕುಸಿದುಬಿತ್ತು. ಹಿರಿಯ ಇಂಜಿನಿಯರ್ ಹೊರಡುವಾಗ ಉಡುಗೊರೆಯಾಗಿ ಅವರ ಮುತ್ತಜ್ಜನ ಮದುವೆಯ ದಾಖಲೆಗೆ ಕಟ್ಟು ಹಾಕಿಸಿ ಕೊಡೋಣ ಎನ್ನಿಸಿ, ಅದರ ಪ್ರತಿಯನ್ನು ಇಳಿಸಿಕೊಂಡೆ. ಅವರ ದೇಶದ ಮದುವೆ ದಾಖಲೆಯಲ್ಲಿ ವರನ ಅಪ್ಪ, ಅವ್ವ ಇಬ್ಬರ ಹೆಸರೂ ಇರುತ್ತದೆ. ಅಪ್ಪನ ಹೆಸರು ಸರಿಯಾಗಿತ್ತು. ಉದ್ಯೋಗ ಕಲ್ಲುಕುಟಿಗ, ಅದೂ ಸರಿ. ಅವ್ವನ ಹೆಸರು ಬೇರೆ. ನನ್ನ ಕಲ್ಲುಕುಟಿಗನ ಹೆಂಡತಿಯ ಹೆಸರೇ ಅಲ್ಲ ಅದು. ಇಲ್ಲಿ ಗುಮಾಸ್ತ ತಪ್ಪು ಬರೆದಿದ್ದಾನೆ ಎಂದು ಮೊದಲು ಗುಮಾಸ್ತನನ್ನೇ ಬೈದೆ. ಆಮೇಲೆ ಅದೇ ಊರಿನ ಗಣತಿಯ ಹಾಳೆಗಳನ್ನು ಒಂದೊಂದಾಗಿ, ಮೊದಲೇ ಮಾಡಬೇಕಿದ್ದ ಹಾಗೆ, ನೋಡುತ್ತ ಹೋದೆ. ನನ್ನ ಕಲ್ಲುಕುಟಿಗನ ಮನೆಯಿಂದ ಎರಡು ಓಣಿ ಆಚೆ ಇನ್ನೊಬ್ಬ ಕಲ್ಲುಕುಟಿಗನಿದ್ದ. ಅದೇ ಹೆಸರು. ಅವನಿಗೂ ಅದೇ ಹೆಸರಿನ, ಅದೇ ವಯಸ್ಸಿನ ಮಗ. ಆ ಮಗನಿಗೆ ಒಬ್ಬಳೇ ಅಕ್ಕ. ಅವ್ವನ ಹೆಸರು ಮದುವೆ ದಾಖಲೆಯಲ್ಲಿದ್ದದ್ದೇ. ಮೂರು ತಿಂಗಳಿಂದ ನಾನು ಯಾರದೋ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ.

ದಾಖಲೆಯನ್ನು ಅಷ್ಟು ನಂಬಿದ್ದಕ್ಕೆ ನನ್ನ ಬಳಿ ಯಾವ ಸಬೂಬೂ ಇಲ್ಲ. ನಾನು ಕುವೈತಿಗೆ ಬಂದಾಗ ನನ್ನ ಮೊದಲ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಉದ್ಯೋಗ ಬಡಗಿ ಎಂದಿತ್ತು. ನನ್ನನ್ನು ಕರೆಸಿಕೊಂಡ ಅಂದಿನ ಕಫೀಲ್, ಅಂದರೆ ಪ್ರಾಯೋಜಕನ ಬಳಿ ಬಡಗಿಯ ವೀಸಾ ಒಂದೇ ಉಳಿದಿತ್ತು. ಎರಡು ವರ್ಷ ನಾನು ಈ ದೇಶದ ಕಡತದಲ್ಲಿ ಬಡಗಿಯಾಗಿದ್ದೆ. ಗೋಡೆಗೆ ಮೊಳೆ ಹೊಡೆಯಲು ಇವತ್ತಿಗೂ ಕೆಳಗಿರುವ ಹಾರಿಸನ್ನು, ಕಟ್ಟಡದ ಕಾವಲುಗಾರನನ್ನು, ಕರೆಯುತ್ತೇನೆ. ಆ ಕಾಗದ ಹಿಡಿದು ಮುಂದೊಂದು ದಿನ ಯಾರಾದರೂ ನಮ್ಮದು ಬಡಗಿಯರ ಮನೆತನ ಎಂದು ಹನ್ನೆರಡು ಪುಟ ಬರೆದರೆ ಅವರನ್ನು ದೂರುವಂತಿಲ್ಲ. ಇಷ್ಟೆಲ್ಲ ಅನುಭವವಿದ್ದೂ ಸ್ಕಾಟ್ಲೆಂಡಿನ ಗುಮಾಸ್ತ ಬರೆದದ್ದು, ಅದರಲ್ಲೂ ನಾನು ಓದಿದ್ದು, ತಪ್ಪಾಗಬಹುದು ಎಂದು ನನಗೆ ಅನ್ನಿಸಿರಲಿಲ್ಲ.

ಎರಡು ವಾರ ಬಾಯಿ ಬಿಡಲಿಲ್ಲ. ಹಿರಿಯ ಇಂಜಿನಿಯರ್ ಎದುರಾದರೆ ಗೋಡೌನಿನ ಕಡೆ ತಿರುಗುತ್ತಿದ್ದೆ. ಅವರು ನನ್ನ ಮೇಜಿನ ಹತ್ತಿರ ಬಂದರೆ ಯಾರಿಗೋ ಫೋನ್ ಮಾಡುತ್ತಿದ್ದಂತೆ ನಟಿಸುತ್ತಿದ್ದೆ. ಮನೆಯಲ್ಲಿ ಹೆಂಡತಿಗೆ ಹೇಳಿದೆ. ಈಗ ಹೇಳಿ ಮುದುಕಿಯ ಮನಸ್ಸು ನೋಯಿಸುವುದು ಬೇಡ, ಸಂತೋಷವಾಗಿದ್ದಾರಲ್ಲ, ಹಾಗೇ ಇರಲಿ ಎಂಬುದು ನನ್ನ ವಾದ. ಕೇಳಲು ಬಹಳ ಉದಾರವಾಗಿತ್ತು.

"ಆಕಿ ಮನಸಿನ ಚಿಂತಿ ಅಲ್ಲ ನಿಮಗ" ಎಂದಳು ಹೆಂಡತಿ. "ಕಡೀ ಪುಟದಾಗ ನಿಮ್ಮ ಹೆಸರು ಐತಲ್ಲ, ಅದರ ಚಿಂತಿ."

ಮರುದಿನ ಹಿರಿಯ ಇಂಜಿನಿಯರನ್ನು ಪಾರ್ಕಿಂಗಿನಲ್ಲಿ ಹಿಡಿದು ನಿಲ್ಲಿಸಿದೆ. ಧೂಳು ಎದ್ದಿದ್ದ ದಿನ. ಇಬ್ಬರೂ ಅವರ ಕಾರಿನೊಳಗೆ ಕುಳಿತೆವು. ಡು ಮನೆತನದಿಂದ ಹಿಡಿದು ಎರಡು ಓಣಿ ಆಚೆಯವರೆಗೆ ಎಲ್ಲವನ್ನೂ ಹೇಳಿದೆ. ಕ್ಷಮಿಸಿ ಎಂದು ಮೂರು ಸಲ ಅಂದೆ. ಅವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು ಎದುರಿಗೆ ನೋಡುತ್ತ ಕುಳಿತಿದ್ದರು. ಆಮೇಲೆ ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ತಿಳಿದು ನಾನು ಕಂಗಾಲಾದೆ. ಅವರು ನಗುತ್ತಿದ್ದರು.

ಇದು ಅವರಿಗೆ ಮೊದಲೇ ಗೊತ್ತಿತ್ತು. ಪುಸ್ತಕದ ಎರಡನೆಯ ಪುಟ ಓದಿಸಿಕೊಂಡ ದಿನವೇ ತಾಯಿ ಮಗನಿಗೆ ಫೋನ್ ಮಾಡಿ, ಇದು ನಮ್ಮ ಮನೆಯಲ್ಲ ಎಂದಿದ್ದರಂತೆ. ತನ್ನ ಅಜ್ಜನಿಗೆ ಇದ್ದದ್ದು ಒಬ್ಬಳೇ ಅಕ್ಕ, ಅಜ್ಜನಿಗೆ ಅಕ್ಷರ ಕಲಿಸಿದವಳು ಅವಳೇ, ಅಜ್ಜ ಅವಳ ಮಾತು ಆಡದ ದಿನವೇ ಇರಲಿಲ್ಲ. ಈ ಆರು ಮಕ್ಕಳು ಎಲ್ಲಿಂದ ಬಂದರು ಎಂದಿದ್ದರಂತೆ. ಹಾಗಾದರೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಪಾಪ, ಆ ಮನುಷ್ಯ ಬಿಸಿಲುನಾಡಿನಲ್ಲಿ ಕುಳಿತು ಇಷ್ಟು ಕಷ್ಟಪಟ್ಟಿದ್ದಾನೆ, ಅವನಿಗೆ ಹೇಳಬೇಡ ಎಂದು ತಾಯಿಯೇ ತಡೆದಿದ್ದರಂತೆ. ಅದಲ್ಲದೆ ಅಷ್ಟು ಹೊತ್ತಿಗೆ ಅವರು ಆ ಮನೆಯವರನ್ನು ಮೆಚ್ಚಿಬಿಟ್ಟಿದ್ದರು. ಪ್ರತಿ ವಾರ ಮಗನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: ಕೆಲಸಕ್ಕೆ ಹೋದ ಆ ಹುಡುಗಿ ಮುಂದೆ ಏನಾದಳು?

ನನಗೆ ಆದ ಅವಮಾನಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಮೂರು ತಿಂಗಳು ಸತ್ತವರ ಹಾಳೆಗಳನ್ನು ತಿರುವಿ ಹಾಕಿದ ನಾನು, ಆ ಅಜ್ಜನ ತೊಡೆಯ ಮೇಲೆ ಕುಳಿತು ಕತೆ ಕೇಳಿದ್ದ ಜೀವಂತ ಹೆಂಗಸನ್ನು ಒಂದೇ ಒಂದು ಮಾತು ಕೇಳಿರಲಿಲ್ಲ. ನಿಮ್ಮ ಅಜ್ಜನಿಗೆ ಎಷ್ಟು ಜನ ಒಡಹುಟ್ಟಿದವರು ಎಂದು ಮೊದಲ ದಿನವೇ ಕೇಳಿದ್ದರೆ ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು.

ಸರಿಯಾದ ಮನೆಯ ಚರಿತ್ರೆ ಬರೆಯಲು ಒಂದು ವಾರ ಸಾಕಾಯಿತು. ಎರಡೇ ಪುಟ. ಈ ಸಲ ನನ್ನ ಹೆಸರು ಹಾಕಲಿಲ್ಲ. ಜೊತೆಗೆ ಕೆಲಸಕ್ಕೆ ಹೋಗಿದ್ದ ಆ ಹುಡುಗಿಯನ್ನೂ ಮುಂದಿನ ಗಣತಿಯಲ್ಲಿ ಹುಡುಕಿದೆ. ರೊಟ್ಟಿ ಸುಡುವ ಬೇಕರಿಯವನನ್ನು ಮದುವೆಯಾಗಿ ಪಕ್ಕದ ಊರಲ್ಲಿದ್ದಳು. ಎರಡು ಮಕ್ಕಳು. ಕೂಸುಗಳಾಗಿದ್ದರಿಂದ ಇಬ್ಬರೂ ಇನ್ನೂ ಸ್ಕಾಲರ್ ಆಗಿರಲಿಲ್ಲ. ಈ ಸುದ್ದಿ ಕೇಳಿ ಮುದುಕಿ, ಬೇಕರಿಯವನಾದರೆ ಒಳ್ಳೆಯದಾಯಿತು, ಚಳಿಗಾಲದಲ್ಲಿ ಮನೆ ಬೆಚ್ಚಗಿರುತ್ತದೆ ಎಂದರಂತೆ.

ಇನ್ನು ಉಳಿದದ್ದು ನನ್ನ ಮುತ್ತಜ್ಜಿ. ಅಷ್ಟಾದ ಮೇಲೂ ಬುದ್ಧಿ ಬಾರದೆ ನಾನು ಮೊದಲು ತಡಕಿದ್ದು ನಮ್ಮ ಸೀಮೆಯ ಹಳೆಯ ಜನಗಣತಿಯನ್ನೇ. ಬ್ರಿಟಿಷರು ನಮ್ಮನ್ನೂ ಎಣಿಸಿದ್ದರು. ಆದರೆ ಸಿಕ್ಕಿದ್ದು ಅಚ್ಚಾದ ವರದಿ ಮಾತ್ರ: ಇಂಥ ತಾಲ್ಲೂಕಿನಲ್ಲಿ ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ದನ, ಇಷ್ಟು ಬಾವಿ. ಹೆಸರು ಬರೆದ ಹಾಳೆಗಳನ್ನು ಮೊತ್ತ ಕೂಡಿಸಿದ ಮೇಲೆ ಯಾರೂ ಇಟ್ಟುಕೊಂಡಂತೆ ಕಾಣಲಿಲ್ಲ. ಹೆಂಗಸರ ಆ ದೊಡ್ಡ ಮೊತ್ತದಲ್ಲಿ ನಮ್ಮ ಮುತ್ತಜ್ಜಿ ಒಂದು. ಅಷ್ಟೇ.

ಆಮೇಲೆ ಅಪ್ಪನ ಅಕ್ಕ, ನನ್ನ ಸೋದರತ್ತೆಗೆ ಫೋನ್ ಮಾಡಿದೆ. ಎಂಬತ್ತು ದಾಟಿದ ಅವಳು ಗಜೇಂದ್ರಗಡದಲ್ಲಿ ಮಗನ ಮನೆಯಲ್ಲಿದ್ದಾಳೆ. ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಮಾತಾಡುವ ರೂಢಿ. ಹಬ್ಬವಿಲ್ಲದ ದಿನ ಫೋನ್ ಬಂದದ್ದಕ್ಕೇ ಅವಳಿಗೆ ಗಾಬರಿ. ಎಲ್ಲರೂ ಆರಾಮಿದ್ದೇವೆ ಎಂದು ಹೇಳಿ, ಅಜ್ಜನ ಅವ್ವನ ಹೆಸರು ಕೇಳಿದೆ.

"ಯಾಕೋ ತಮ್ಮಾ, ಹೊಲ ಮಾರಾಂವ ಏನು?" ಎಂದಳು.

ಹೊಲದ ಮಾತಲ್ಲ, ಎಡೆಗೆ ಬೇಕು ಎಂದ ಮೇಲೆ ಮೆತ್ತಗಾದಳು. ಹೆಸರು ಹೇಳಿದಳು. ತಾನು ಆರೇಳು ವರ್ಷದವಳಿರುವ ತನಕ ಆ ಅಜ್ಜಿ ಬದುಕಿದ್ದಳು, ತನಗೆ ಹೇನು ನೋಡುತ್ತಿದ್ದಳು, ಬಹಳ ಗಟ್ಟಿ ಧ್ವನಿ ಎಂದಳು. ಅಷ್ಟು ಹತ್ತಿರದಲ್ಲಿ, ಒಂದು ಫೋನಿನಷ್ಟು ದೂರದಲ್ಲಿ, ಆ ಹೆಸರು ಇಷ್ಟು ವರ್ಷ ಇತ್ತು. ನಾನು ಜನಗಣತಿಯಲ್ಲಿ ಹುಡುಕಿದ್ದನ್ನು ಹೇಳಿದಾಗ ಅತ್ತೆಗೆ ನಗು ಬಂತು.

"ಎಣಿಸಾಕ ಬಂದಾವರಿಗೆ ಆಕಿ ಎಲ್ಲಿ ಸಿಗತಿದ್ದಳೋ? ಮಕ್ಕಳನ್ನ ಎಣಿಸಿದ್ರ ದೃಷ್ಟಿ ಆಗತೈತಿ ಅಂತಿದ್ದಳು. ಎಷ್ಟು ಮಕ್ಕಳವ್ವಾ ಅಂದ್ರ, ಎರಡು ಅಂತ ಹೇಳಿ, ಉಳಿದಾವರನ್ನ ಹಿತ್ತಲ ಬಣವಿ ಹಿಂದ ಕುಂದ್ರಸತಿದ್ದಳಂತ. ನಮ್ಮಪ್ಪನೂ ಅಲ್ಲೇ ಕುಂತಾಂವ."

ಆ ಹಾಳೆಗಳು ಉಳಿದಿದ್ದರೂ ಅವುಗಳಲ್ಲಿ ನಮ್ಮ ಅಜ್ಜ ಇರುತ್ತಿರಲಿಲ್ಲ ಎಂದಾಯಿತು. ಅವನು ಮೇವಿನ ಬಣವೆಯ ಹಿಂದೆ ಉಸಿರು ಬಿಗಿಹಿಡಿದು ಕುಳಿತಿದ್ದ. ಒಟ್ಟು ಮಕ್ಕಳು ಎಷ್ಟು ಎಂದು ಕೇಳಿದೆ. ಅತ್ತೆ ಒಂದೊಂದೇ ಹೆಸರು ಹೇಳುತ್ತ ಏಳಕ್ಕೆ ಬಂದಳು, ಮತ್ತೆ ಎಣಿಸಿದಾಗ ಆರಾಯಿತು, ವಿಚಾರಿಸಿ ಹೇಳುತ್ತೇನೆ ಎಂದಳು. ಈಗ ಪ್ರತಿ ಶುಕ್ರವಾರ ಅವಳೇ ಫೋನ್ ಮಾಡುತ್ತಾಳೆ. ಮಗಳು ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾಳೆ, ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ಯಾರು ಯಾರಿಗೆ ಏನಾಗಬೇಕು ಎಂದು ನನ್ನನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳುತ್ತಾಳೆ.

ಹಿರಿಯ ಇಂಜಿನಿಯರ್ ಹೊರಡುವ ಮೊದಲು ಈ ಬಣವೆಯ ಕತೆ ಅವರಿಗೆ ಹೇಳಿದ್ದೆ. ಊರು ಮುಟ್ಟಿ ತಾಯಿಗೆ ಹೇಳಿದ್ದಾರೆ. ಮೊನ್ನೆ ಅವರ ಸಂದೇಶ ಬಂತು: ಅಷ್ಟು ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಒಬ್ಬರಾದರೂ ಕೆಮ್ಮಲಿಲ್ಲವೇ ಎಂದು ತಾಯಿ ಕೇಳುತ್ತಿದ್ದಾರೆ. ಶುಕ್ರವಾರ ಅತ್ತೆಗೆ ಆ ಪ್ರಶ್ನೆ ದಾಟಿಸಿದೆ.

"ಕೆಮ್ಮಿರಬೇಕು ತಗೋ" ಎಂದಳು ಅತ್ತೆ. "ಮುಂದಿನ ಸಲ ಆಕಿ ಮೂರು ಅಂತ ಬರಿಸಿದ್ದಳಂತ."